ತೊಂದರೆ ಕೊಡಬಾರದು ಅಂತ

ರಾಮನವಮಿಯ ಕಚೇರಿಗಳೆಲ್ಲ ಮುಗಿದ ಮೇಲೆ ಪಿಟೀಲಿನ ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡಿ ಒರೆಸಿಡುವುದು ನನ್ನ ಹಳೆಯ ಅಭ್ಯಾಸ. ಬೇರೆಯವರು ಹಬ್ಬಕ್ಕೆ ಮೊದಲು ಮನೆ ಸಾರಿಸಿದರೆ ನಾನು ಹಬ್ಬ ಮುಗಿದ ಮೇಲೆ ಪೆಟ್ಟಿಗೆ ಸಾರಿಸುತ್ತೇನೆ. ತುಂಡಾದ ತಂತಿಗಳು, ಕುಂಕುಮದ ಪೊಟ್ಟಣ, ಯಾವುದೋ ಸಭೆಯವರು ಕೊಟ್ಟ ಕಲ್ಲುಸಕ್ಕರೆ, ಆ ಕಲ್ಲುಸಕ್ಕರೆಗೆಂದು ಬಂದು ಸಂಗೀತ ಕೇಳಿ ಸತ್ತ ಇರುವೆಗಳು, ಎಲ್ಲ ಹೊರಬಿದ್ದವು. ಕೊನೆಗೆ ಮೂಲೆಯಿಂದ ಒಂದು ಹಳೆಯ ರೋಸಿನ್ ತುಂಡು ಬಂತು. ರೋಸಿನ್ ಎಂದರೆ ಪಿಟೀಲಿನ ಕಮಾನಿಗೆ ಉಜ್ಜುವ ರಾಳದ ಗಟ್ಟಿ. ಜೇನಿನ ಬಣ್ಣ, ನೋಡಿದರೆ ಬೆಲ್ಲದ ಹಾಗೆ ಕಾಣುತ್ತದೆ. ಈ ತುಂಡಿನ ಅಂಚಿನಲ್ಲಿ ಎರಡು ಪುಟ್ಟ ಹಲ್ಲಿನ ಗುರುತುಗಳಿದ್ದವು. ನನ್ನ ಮಗಳು ಪುಟ್ಟಿ ಈ ಭೂಮಿಯ ಮೇಲೆ ಕಚ್ಚಿದ ಮೊದಲ ಗಟ್ಟಿ ಪದಾರ್ಥ ಅದು.

ಆಗ ಅವಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಭಾನುವಾರ ಬೆಳಿಗ್ಗೆ. ನಾನು ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ನನ್ನ ಗಂಡ ಹಜಾರದಲ್ಲಿ ಕುಳಿತು ಒಂದು ಕಣ್ಣಿನಿಂದ ಪೇಪರು ಓದುತ್ತ, ಇನ್ನೊಂದು ಕಣ್ಣಿನಿಂದ ಮಗುವನ್ನು ನೋಡಿಕೊಳ್ಳುತ್ತಿದ್ದರು. ಯಾವ ಕಣ್ಣು ಹೆಚ್ಚು ಚುರುಕಾಗಿತ್ತು ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಮಗುವನ್ನೆತ್ತಿಕೊಂಡು ಬನಶಂಕರಿಯ ನಮ್ಮ ರಸ್ತೆಯ ಕೊನೆಯಲ್ಲಿರುವ ಡಾಕ್ಟರ ಹತ್ತಿರ ಓಡಿದೆವು. ಅವರು ಪುಟ್ಟಿಯ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಏನೂ ಆಗಿಲ್ಲ ಎಂದು ಸಮಾಧಾನ ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು.

"ಏನಮ್ಮ, ಇಂಥದ್ದೆಲ್ಲ ಮಗು ಕೈಗೆ ಸಿಗೋ ಹಾಗೆ ಇಡ್ತಾರಾ? ತಾಯಿಯಾದವಳು ಸ್ವಲ್ಪ ನೋಡ್ಕೋಬೇಕು."

ಮಗು ಆಗಲೂ ನನ್ನ ಗಂಡನ ತೋಳಿನಲ್ಲೇ ಇತ್ತು. ಅವರೂ ಡಾಕ್ಟರ ಜೊತೆ ಸೇರಿಕೊಂಡು ನನ್ನತ್ತ ಒಂದು ನೋಟ ಹಾಯಿಸಿದರು. ಕೆಟ್ಟ ಮನಸ್ಸಿನಿಂದಲ್ಲ, ಎಲ್ಲರೂ ನೋಡುವ ಕಡೆಗೆ ನೋಡುವುದು ಮನುಷ್ಯಸಹಜ. ಹೊರಡುವಾಗ ಡಾಕ್ಟರು ಅವರ ಭುಜ ತಟ್ಟಿ, "ಪಾಪ, ಇರೋ ಒಂದು ರಜಾನೂ ಹೋಯ್ತು ನಿಮಗೆ" ಎಂದರು. ನನ್ನ ಹುಳಿ ಮನೆಯಲ್ಲಿ ಸೀದುಹೋಗಿತ್ತು. ಅದಕ್ಕೆ ಯಾರೂ ಪಾಪ ಅನ್ನಲಿಲ್ಲ.

ಇಲ್ಲಿ ನನ್ನ ವೃತ್ತಿಯ ವಿಚಾರ ಎರಡು ಮಾತು ಹೇಳಬೇಕು. ನಾನು ಪಕ್ಕವಾದ್ಯದವಳು. ವೇದಿಕೆಯ ನಡುವೆ ಗಾಯಕರು, ಅವರ ಒಂದು ಮಗ್ಗುಲಿಗೆ ಮೃದಂಗ, ಇನ್ನೊಂದು ಮಗ್ಗುಲಿಗೆ ನಾನು ಮತ್ತು ನನ್ನ ಪಿಟೀಲು. ಗಾಯಕರು ಹಾಡಿದ್ದನ್ನು ನೆರಳಿನಂತೆ ಹಿಂಬಾಲಿಸುವುದು, ಅವರು ಉಸಿರು ತೆಗೆದುಕೊಳ್ಳುವಾಗ ಸದ್ದು ಬಿಟ್ಟುಹೋಗದಂತೆ ನೋಡಿಕೊಳ್ಳುವುದು, ಅವರು ತಪ್ಪಿದರೆ ಅದು ನನ್ನ ತಪ್ಪು ಎಂಬಂತೆ ಮುಖ ಮಾಡಿಕೊಳ್ಳುವುದು, ಇವು ನನ್ನ ಕರ್ತವ್ಯಗಳು. ಗೃಹಸ್ಥಾಶ್ರಮಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ. ಪಕ್ಕವಾದ್ಯದವರ ಬದುಕು ನಿಂತಿರುವುದು ಫೋನಿನ ಮೇಲೆ. ಸಭೆಯ ಕಾರ್ಯದರ್ಶಿ ಫೋನು ಮಾಡಿ, "ಇಂಥ ದಿನ ಬರ್ತೀರಾ?" ಎನ್ನಬೇಕು. ನಾವು "ಬರ್ತೀನಿ" ಎನ್ನಬೇಕು. ಆ ಪ್ರಶ್ನೆ ಬರಲಿಲ್ಲವೆಂದರೆ ನಾವಾಗಿಯೇ ಹೋಗಿ ವೇದಿಕೆ ಹತ್ತಿ ಕೂರುವಂತಿಲ್ಲ.

ಜಯನಗರದ ಒಂದು ಸಭೆಯಲ್ಲಿ ರಾಮನವಮಿಯ ಸಮಯಕ್ಕೆ ಪ್ರತಿ ವರ್ಷ ಚಪ್ಪರ ಹಾಕುತ್ತಾರೆ. ಅಲ್ಲಿ ಹಿರಿಯ ಗಾಯಕರಾದ ಪದ್ಮನಾಭಯ್ಯನವರ ಸಂಜೆ ಕಚೇರಿಗೆ ಪಿಟೀಲು ನನ್ನದೇ ಆಗಿತ್ತು. ಇದು ಎಲ್ಲೂ ಬರೆದಿಟ್ಟ ಒಪ್ಪಂದವಲ್ಲ. ಪಾನಕಕ್ಕೆ ಏಲಕ್ಕಿ ಹಾಕುವುದನ್ನು ಯಾರು ಬರೆದಿಟ್ಟಿದ್ದಾರೆ? ಅವರು ಹಾಡುತ್ತಾರೆ ಎಂದರೆ ನಾನು ನುಡಿಸುತ್ತೇನೆ ಎಂದೇ ಊರಿಗೆ ಗೊತ್ತಿತ್ತು. ಆ ಸಂಜೆಯ ನನ್ನ ಪಿಟೀಲು ಕೇಳಿಯೇ ಬೇರೆ ಸಭೆಗಳವರು ಆ ವರ್ಷವಿಡೀ ನನ್ನನ್ನು ಕರೆಯುತ್ತಿದ್ದರು. ಆದ್ದರಿಂದ ಆ ಜಾಗ ನನಗೆ ಬರೀ ಒಂದು ಚಾಪೆಯ ಅಗಲದ ಜಾಗವಾಗಿರಲಿಲ್ಲ.

ಪುಟ್ಟಿ ರೋಸಿನ್ ಕಚ್ಚಿದ ಕೆಲವೇ ದಿನಗಳಿಗೆ ಆ ವರ್ಷದ ಆಹ್ವಾನಪತ್ರಿಕೆ ನನ್ನ ವಾಟ್ಸಾಪಿಗೆ ಬಂತು. ಗಾಯನ: ಪದ್ಮನಾಭಯ್ಯ. ಪಿಟೀಲು: ಶ್ರೀವತ್ಸ.

ಶ್ರೀವತ್ಸ ಉತ್ತರಹಳ್ಳಿಯ ಹುಡುಗ. ಒಳ್ಳೆಯ ಕೈ, ಒಳ್ಳೆಯ ನಡತೆ, ನನ್ನನ್ನು ಅಕ್ಕ ಎಂದು ಕರೆಯುತ್ತಾನೆ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ನಾನು ಫೋನು ಮಾಡಿದ್ದು ಕಾರ್ಯದರ್ಶಿ ನರಹರಿರಾಯರಿಗೆ. ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಇಡೀ ಬಡಾವಣೆಗೆ ಬೇಕಾದವರು.

"ನಿಮಗೆ ತೊಂದರೆ ಕೊಡಬಾರದು ಅಂತ ಕಣಮ್ಮ" ಎಂದರು ರಾಯರು. ದನಿಯಲ್ಲಿ ತುಪ್ಪ ಸುರಿಯುತ್ತಿತ್ತು. "ಎಳೇ ಕೂಸು. ಪಾಪ, ನೀವು ಹೇಗೆ ಬರ್ತೀರ?"

"ಬರ್ತಿದ್ದೆ ರಾಯರೇ. ಕೇಳಿದ್ರೆ ಹೇಳ್ತಿದ್ದೆ."

"ಕೇಳಿದ್ರೆ ನೀವು ಸಂಕೋಚಕ್ಕೆ ಹೂಂ ಅಂದ್ಬಿಡ್ತೀರ. ಆಮೇಲೆ ಒದ್ದಾಡ್ತೀರ. ನಮ್ಮನೆ ಹೆಣ್ಮಗಳಾಗಿದ್ರೆ ನಾನು ಬಿಡ್ತಿದ್ನಾ? ಮುಂದಿನ ವರ್ಷ ನೋಡೋಣ. ಮಗು ಸ್ವಲ್ಪ ಕೈಗೆ ಬರ್ಲಿ."

ನೀವೇ ಹೇಳಿ, ಇದಕ್ಕೆ ಏನುತ್ತರ ಕೊಡುವುದು? ಬೈದವನಿಗೆ ತಿರುಗಿ ಬೈಯಬಹುದು. ಕರುಣೆ ತೋರಿದವರ ಜೊತೆ ಜಗಳಕ್ಕೆ ನಿಂತವಳನ್ನು ಲೋಕ ಏನೆನ್ನುತ್ತದೆ? ನನ್ನ ಜೀವನೋಪಾಯವನ್ನು ಕಳ್ಳರು ಕದ್ದಿದ್ದರೆ ಪೊಲೀಸರಿಗೆ ದೂರು ಕೊಡಬಹುದಿತ್ತು. ಇದನ್ನು ಅರಿಸಿನ ಕುಂಕುಮ ಕೊಟ್ಟು, ಎಲೆ ಅಡಿಕೆ ಇಟ್ಟು, ಮಡಿಲು ತುಂಬಿ ಒಯ್ದರು. "ಥ್ಯಾಂಕ್ಸ್ ರಾಯರೇ" ಎಂದು ಹೇಳಿ ಫೋನಿಟ್ಟೆ. ಆ ಥ್ಯಾಂಕ್ಸ್ ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಪಿಟೀಲು ಮೇಷ್ಟ್ರು ನೆನಪಾದರು. ನಾನು ಲಂಗ ತೊಟ್ಟು, ಎಣ್ಣೆ ಹಚ್ಚಿದ ಎರಡು ಜಡೆ ಹಾಕಿಕೊಂಡು ಅವರ ಮನೆಗೆ ಪಾಠಕ್ಕೆ ಹೋಗುತ್ತಿದ್ದ ಕಾಲ. ಅವರಿಗೆ ಒಂದು ಹಿಂಡು ಮಕ್ಕಳು. ಪಾಠದ ನಡುವೆ ಒಂದು ಬಂದು ಪೆನ್ಸಿಲು ಕೇಳುತ್ತಿತ್ತು, ಒಂದು ಇನ್ನೊಂದನ್ನು ಹೊಡೆದು ಓಡುತ್ತಿತ್ತು, ಮತ್ತೊಂದು ಮೇಷ್ಟ್ರ ಬೆನ್ನಿಗೆ ಒರಗಿ ನಿದ್ದೆ ಹೋಗುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ತೋಡಿ ರಾಗ ನುಡಿಸುತ್ತಿದ್ದರು. ಒಂದು ದಿನ ಶಾಲೆಯಿಂದ ಯಾರೋ ಬಂದು, "ನಿಮ್ಮ ಹುಡುಗ ಯಾವ ಕ್ಲಾಸು ಸಾರ್?" ಎಂದು ಕೇಳಿದರು. ಮೇಷ್ಟ್ರು ಕಮಾನನ್ನು ಗಾಳಿಯಲ್ಲೇ ನಿಲ್ಲಿಸಿ ಒಳಗೆ ಕೂಗಿದರು: "ಲೋ, ನೀನು ಯಾವ ಕ್ಲಾಸೋ?" ಅದು ತಪ್ಪಲ್ಲ, ತಪಸ್ಸು ಎಂದೇ ನಾವೆಲ್ಲ ತಿಳಿದಿದ್ದೆವು. ಅವರು ಊರೂರು ಸುತ್ತಿ ಕಚೇರಿ ಮಾಡಿದರು. ಇಷ್ಟು ಮಕ್ಕಳ ತಂದೆ, ಪಾಪ, ತೊಂದರೆ ಕೊಡಬಾರದು ಎಂದು ಯಾವ ಸಭೆಯವರೂ ಅವರ ಹೆಸರನ್ನು ಬಿಟ್ಟದ್ದು ನನಗೆ ತಿಳಿದಿಲ್ಲ.

ಪದ್ಮನಾಭಯ್ಯನವರ ಸಂಜೆ ತಪ್ಪಿದ ಮೇಲೆ ಉಳಿದ ಸಭೆಗಳೂ ಒಂದೊಂದಾಗಿ ನನ್ನ ಮೇಲೆ ಕರುಣೆ ತೋರಿದವು. ಅವಳು ಈಗ ನುಡಿಸುವುದಿಲ್ಲವಂತೆ ಎಂಬ ಮಾತು ಗಾಂಧಿಬಜಾರಿನಿಂದ ಜೆ.ಪಿ.ನಗರದವರೆಗೆ ನನಗಿಂತ ವೇಗವಾಗಿ ಸಂಚರಿಸಿತು. ನಾನು ದಿನಾ ಬೆಳಿಗ್ಗೆ ಪುಟ್ಟಿ ಏಳುವ ಮೊದಲು ಸಾಧನೆ ಮಾಡುತ್ತಿದ್ದೆ. ಕುಕ್ಕರಿನ ಸೀಟಿಯೇ ನನ್ನ ಶ್ರೋತೃವರ್ಗ. ತರಕಾರಿ ಅಂಗಡಿಯಲ್ಲಿ ಸಿಕ್ಕ ಪರಿಚಿತರು, "ಬಿಟ್ಬಿಟ್ರಂತೆ? ಒಳ್ಳೇದಾಯ್ತು ಬಿಡಿ, ಮಗುಗಿಂತ ಹೆಚ್ಚೇ?" ಎನ್ನುತ್ತಿದ್ದರು. ನಾನು ಏನನ್ನೂ ಬಿಟ್ಟಿರಲಿಲ್ಲ. ಸುದ್ದಿಯೊಂದು ಹೊರಟುಬಿಟ್ಟ ಮೇಲೆ ಸುದ್ದಿಯಲ್ಲಿರುವವರನ್ನು ಯಾರು ಕೇಳುತ್ತಾರೆ?

ಒಂದು ವರ್ಷ ಹೀಗೆ ಕಳೆಯಿತು. ಪುಟ್ಟಿ ನಡೆದಳು, ಓಡಿದಳು, ಮಗು ಕೈಗೆ ಬರಲಿ ಎಂದು ರಾಯರು ಹಾರೈಸಿದಂತೆಯೇ ಕೈಗೂ ಬಂದಳು, ಕೈಯಿಂದ ತಪ್ಪಿಸಿಕೊಳ್ಳುವುದನ್ನೂ ಕಲಿತಳು. ಈ ವರ್ಷದ ಆಹ್ವಾನಪತ್ರಿಕೆ ಬಂತು. ಪಿಟೀಲು: ಶ್ರೀವತ್ಸ. ಜೊತೆಗೆ ರಾಯರ ಫೋನೂ ಬಂತು. ಬೆಳಗಿನ ಮಕ್ಕಳ ಶ್ಲೋಕಸ್ಪರ್ಧೆಗೆ ನಾನು ತೀರ್ಪುಗಾರಳಾಗಬೇಕಂತೆ.

"ಮಗೂನೂ ಕರ್ಕೊಂಡು ಬನ್ನಿ" ಎಂದರು. "ಅಲ್ಲಿ ಬೇರೆ ಮಕ್ಕಳೂ ಇರ್ತಾವೆ. ಕೋಸಂಬರಿ ತಿಂದ್ಕೊಂಡು ಆಟ ಆಡ್ಕೊಂಡಿರುತ್ತೆ."

ಪುಟ್ಟಿಗೆ ಕೋಸಂಬರಿ ಸೇರುವುದಿಲ್ಲ ಎಂದಷ್ಟೇ ಹೇಳಿದೆ. ಹೆಚ್ಚು ಹೇಳಿದರೆ ಆಡಬಾರದ್ದು ಆಡಿಬಿಡುತ್ತೇನೆ ಎಂಬ ಭಯ.

ಆ ವೇಳೆಗೆ ನಾನು ಇನ್ನೊಂದು ವಿಷಯ ಗಮನಿಸಿದ್ದೆ. ದೀಪಾವಳಿಯ ಸುಮಾರಿಗೆ ಶ್ರೀವತ್ಸನಿಗೆ ಅವಳಿ ಮಕ್ಕಳು ಹುಟ್ಟಿದ್ದವು. ನನ್ನದು ಒಂದು ಮಗು, ಈಗಾಗಲೇ ಓಡಾಡುವುದು. ಅವನದು ಎರಡು, ಇನ್ನೂ ಮಗ್ಗುಲು ಮಗುಚುತ್ತಿರುವವು. ಎಳೆಯ ಕೂಸಿನ ಮನೆಯವರಿಗೆ ತೊಂದರೆ ಕೊಡಬಾರದು ಎಂಬುದೇ ಸಭೆಯ ಧರ್ಮವಾದರೆ, ಲೆಕ್ಕದ ಪ್ರಕಾರ ಮೊದಲು ಬಿಡಬೇಕಾದದ್ದು ಯಾರನ್ನು? ಈ ತರ್ಕವನ್ನು ನಾನು ಸೊಪ್ಪು ಬಿಡಿಸುತ್ತ ಗಂಡನ ಮುಂದೆ ಮಂಡಿಸಿದೆ. ಅವರು ಬಹಳ ಹೊತ್ತು ಯೋಚಿಸಿ, "ಅವನು ಗಂಡಸಲ್ವಾ" ಎಂದರು. ಸಮರ್ಥನೆಗಾಗಿ ಹೇಳಿದ್ದಲ್ಲ, ವಸ್ತುಸ್ಥಿತಿ ಹೇಳಿದ್ದು. ಆದರೂ ಆ ದಿನದ ಸಾರಿಗೆ ಉಪ್ಪು ಸ್ವಲ್ಪ ಮುಂದಾಯಿತು.

ಕಚೇರಿಗೆ ಎರಡು ದಿನವಿರುವಾಗ ಶ್ರೀವತ್ಸನ ಫೋನು ಬಂತು. ಅವನ ದನಿಯ ಹಿಂದೆ ಎರಡು ಅಳುಗಳು ಬೇರೆ ಬೇರೆ ಶ್ರುತಿಯಲ್ಲಿ ಕೇಳಿಸುತ್ತಿದ್ದವು.

"ಅಕ್ಕಾ, ಒಂದು ಉಪಕಾರ ಆಗ್ಬೇಕು. ಎರಡಕ್ಕೂ ಜ್ವರ. ಇವಳಿಗೂ ಬಂದಿದೆ, ಎದ್ದೇಳಕ್ಕೆ ಆಗ್ತಿಲ್ಲ. ಅತ್ತೆ ಹೋದ ವಾರವಷ್ಟೇ ಊರಿಗೆ ಹೋದ್ರು. ನಾನು ಬಿಟ್ಟು ಬರೋ ಹಾಗಿಲ್ಲ. ಪದ್ಮನಾಭಯ್ಯನವರ ಕಚೇರಿ ನೀವು ನುಡಿಸ್ತೀರಾ?"

ನನ್ನ ಎದೆ ಹೇಗೆ ಹಾರಿತು ಎಂಬುದನ್ನು ಬರೆದರೆ, ಎರಡು ಕೂಸುಗಳ ಜ್ವರಕ್ಕೆ ಹಿಗ್ಗಿದ ಪಾಪ ನನಗೆ ತಟ್ಟುತ್ತದೆ. ಆದ್ದರಿಂದ ಬರೆಯುವುದಿಲ್ಲ.

"ರಾಯರಿಗೆ ಹೇಳಿದ್ಯಾ?"

"ಇಲ್ಲ ಅಕ್ಕ. ಬೆರಳು ಉಳುಕಿದೆ ಅಂತ ಹೇಳ್ತೀನಿ. ನನ್ನ ಬದಲು ನಿಮ್ಮ ಹೆಸರು ಹೇಳ್ತೀನಿ. ಬೆರಳು ಅಂದ್ರೆ ಯಾರೂ ಏನೂ ಅನ್ನಲ್ಲ."

"ಮಕ್ಕಳಿಗೆ ಜ್ವರ ಅಂತ ಹೇಳಕ್ಕೇನು ನಿನಗೆ?"

"ನಗ್ತಾರೆ ಅಕ್ಕ. ಮನೇಲಿ ಹೆಂಗಸ್ರಿಲ್ವಾ ಅಂತಾರೆ. ಇವನು ಮಕ್ಕಳು ಆಡಿಸ್ಕೊಂಡು ಕೂತಿದಾನೆ ಅಂತ ಒಂದು ಸಲ ಹೆಸ್ರು ಬಂದ್ರೆ ಮುಂದೆ ಕರೆಯೋದೇ ಇಲ್ಲ."

ಅದನ್ನು ಅವನು ನನಗೆ ಹೇಳುತ್ತಿದ್ದ. ನನಗೆ. ಆಮೇಲೆ ನನ್ನ ಬಾಯಿಂದ ಬಂದ ಮಾತು ಕೇಳಿ ನನಗೇ ಗಾಬರಿಯಾಯಿತು.

"ನಿಜ ಹೇಳಿದ್ರೆ ನಾನು ನುಡಿಸ್ತೀನಿ. ಬೆರಳು ಗಿರಳು ಅಂದ್ರೆ ನಾನು ಬರಲ್ಲ."

"ಅಕ್ಕ, ಅವ್ರು ಬೇರೆ ಯಾರನ್ನಾದ್ರೂ ಹಾಕ್ಕೊಂಡ್ರೆ?"

"ಹಾಕ್ಕೊಳ್ಳಿ."

ಫೋನಿಟ್ಟ ಮೇಲೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ. ಹಾಕಿಕೊಳ್ಳದೆ ಏನು? ತಿಲಕ್ ನಗರದಲ್ಲಿ ಒಬ್ಬ ಪಿಟೀಲಿನವನಿದ್ದ. ಕರೆದರೆ ಊಟದ ಎಲೆಯಿಂದ ಎದ್ದು ಬರುವಂಥವನು, ಮದುವೆಯೂ ಆಗಿರಲಿಲ್ಲ. ತಾನಾಗಿ ಮನೆ ಬಾಗಿಲಿಗೆ ಬಂದ ನನ್ನ ಜಾಗವನ್ನು ನಾನೇ ನಡೆನುಡಿಯ ಪಾಠ ಹೇಳಿ ಹಿಂದಕ್ಕೆ ಕಳಿಸಿದ್ದೆ. ಹರಿಶ್ಚಂದ್ರನಿಗಾದರೂ ಒಂದು ರಾಜ್ಯವಿತ್ತು ಕಳೆದುಕೊಳ್ಳಲು. ನನಗೆ ವರ್ಷಕ್ಕೊಂದು ಸಂಜೆ.

"ನಿನಗೆ ಬೇಕಾಗಿದ್ದು ಕಚೇರಿಯೋ, ಸತ್ಯವೋ?" ಎಂದು ನನ್ನ ಗಂಡ ಕೇಳಿದರು.

"ಎರಡೂ."

"ಒಟ್ಟಿಗೆ ಸಿಗುತ್ತಾ?"

"ಈ ಊರಲ್ಲಿ ಹಾಲಿನ ಜೊತೆ ಮೊಸರೂ ಸಿಗುತ್ತೆ. ಇದ್ಯಾಕೆ ಸಿಗಬಾರ್ದು?" ಎಂದು ರೇಗಿದೆ. ಪುಟ್ಟಿ ನಮ್ಮಿಬ್ಬರ ಮುಖ ನೋಡಿ, ತನಗೆ ಮೊಸರು ಬೇಕೆಂದು ಅತ್ತಳು.

ಸಂಜೆ ರಾಯರ ಫೋನು ಬಂತು.

"ಶ್ರೀವತ್ಸ ಮಾತಾಡಿದ್ದ ಕಣಮ್ಮ. ಮಕ್ಕಳಿಗೆ ಜ್ವರವಂತೆ, ಬರಲ್ಲ ಅಂದ. ಅಲ್ಲಪ್ಪ, ಮನೇಲಿ ಹೆಂಗಸರು ಯಾರೂ ಇಲ್ವಾ ಅಂದೆ. ಏನಂದ ಗೊತ್ತಾ? ಹೆಂಗಸರು ಯಾಕೆ ಸಾರ್, ನಾನೇ ಇದೀನಲ್ಲ ಅಂದ." ಆ ಮಾತು ರಾಯರಿಗೆ ಇನ್ನೂ ಜೀರ್ಣವಾಗಿರಲಿಲ್ಲ. "ನಿಮ್ಮ ಹೆಸರು ಅವನೇ ಹೇಳಿದ. ನಿಮಗೆ ತೊಂದರೆ ಇಲ್ಲ ಅಂದ್ರೆ..."

"ಪೂರ್ತಿ ಕೇಳಿ ರಾಯರೇ."

"ಏನನ್ನ?"

"ಬರ್ತೀರಾ ಅಂತ. ಶ್ರೀವತ್ಸನ್ನ ಕೇಳ್ತೀರಿ, ಮೃದಂಗದವರನ್ನ ಕೇಳ್ತೀರಿ. ಪೆಂಡಾಲಿನವನನ್ನೂ ಕೇಳ್ತೀರಿ. ನನ್ನ ಮಾತ್ರ ನೀವು ಕೇಳಿಲ್ಲ. ನನ್ನ ಪರವಾಗಿ ನೀವೇ ಇಲ್ಲ ಅಂದ್ಕೊಂಡ್ರಿ. ಆಗಲ್ಲ ಅನ್ನೋದಿದ್ರೂ ಅದನ್ನ ನಾನು ಹೇಳ್ಬೇಕು."

ಆ ಕಡೆ ರಾಯರು ಗಂಟಲು ಸರಿಮಾಡಿಕೊಂಡರು. ಆಮೇಲೆ, ಹಾರೆಯಿಂದ ಮೀಟಿ ತೆಗೆದಂತೆ, ಒಂದು ಪದ ಬಂತು.

"ಬರ್ತೀರಾ?"

"ಬರ್ತೀನಿ."

ರಾಯರು ಕೆಟ್ಟವರಲ್ಲ ಎಂದು ಇಲ್ಲಿ ಹೇಳಿಬಿಡುವುದು ನ್ಯಾಯ. ಕೆಟ್ಟವರಾಗಿದ್ದರೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ.

ಕಚೇರಿಯ ಸಂಜೆ ಚಪ್ಪರದ ಹಿಂದಿನ ಕೋಣೆಯಲ್ಲಿ ತಂತಿ ಬಿಗಿ ಮಾಡುತ್ತ ಕುಳಿತಿದ್ದೆ. ಪಕ್ಕದಲ್ಲಿ ಮೃದಂಗದವರು, ಅವರಿಗೆ ಮೂರು ಮಕ್ಕಳು. ಸಮಿತಿಯ ಹೆಂಗಸರು ಕಾಫಿ ತಂದುಕೊಟ್ಟು, ಮೃದಂಗದವರಿಗೆ ಸಕ್ಕರೆ ಸಾಕೇ ಎಂದು ವಿಚಾರಿಸಿ, ನನ್ನ ಕಡೆ ತಿರುಗಿ, "ಮಗೂನ ಯಾರ ಹತ್ರ ಬಿಟ್ಟು ಬಂದ್ರಿ?" ಎಂದು ಕೇಳಿದರು. ಈ ಪ್ರಶ್ನೆಗೆ ನಾನು ಈ ಎರಡು ವರ್ಷದಲ್ಲಿ ಅನೇಕ ಉತ್ತರಗಳನ್ನು ಸಿದ್ಧಪಡಿಸಿಕೊಂಡಿದ್ದೇನೆ. ಬ್ಯಾಂಕಿನ ಲಾಕರಿನಲ್ಲಿಟ್ಟು ಬಂದೆ ಎಂಬುದು ಅವುಗಳಲ್ಲಿ ಸೌಮ್ಯವಾದದ್ದು. ಆದರೆ ವೇದಿಕೆ ಹತ್ತುವ ಮೊದಲು ಮನಸ್ಸು ಶಾಂತವಾಗಿರಬೇಕು ಎಂದು ಮೇಷ್ಟ್ರು ಹೇಳುತ್ತಿದ್ದರು.

"ಅವರಪ್ಪನ ಹತ್ರ" ಎಂದೆ.

"ಅಯ್ಯೋ ಪಾಪ. ಅವರ ಊಟಕ್ಕೆ?"

ಮೃದಂಗದವರು ಕಾಫಿ ಹೀರುತ್ತ, ಕಾಫಿ ಚೆನ್ನಾಗಿದೆ ಎಂದರು.

ವೇದಿಕೆಗೆ ಹೋಗಿ ಕುಳಿತೆವು. ನನ್ನ ಹಳೆಯ ಜಾಗ, ಅದೇ ಕಂಬ, ಹಿಂದೆ ಅದೇ ಗೊರಗೊರ ಫ್ಯಾನು. ಚಪ್ಪರ ತುಂಬಿತ್ತು. ಪದ್ಮನಾಭಯ್ಯನವರು ನನ್ನತ್ತ ಬಾಗಿ, "ಚೆನ್ನಾಗಿದೀಯೇನಮ್ಮ? ಹೋದ ವರ್ಷ ನೀನು ಆಗಲ್ಲ ಅಂದ್ಯಂತೆ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ರಾಯರು ಮೈಕಿನ ಮುಂದೆ ಬಂದು ನಿಂತರು. ಗಾಯಕರನ್ನು ಪರಿಚಯಿಸಿದರು, ಮೃದಂಗದವರ ಹೆಸರು ಹೇಳಿದರು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ಇವತ್ತು ಒಂದು ವಿಷಯ ಹೇಳಲೇಬೇಕು" ಎಂದರು. "ಈ ಕಚೇರಿಗೆ ಪಿಟೀಲು ನುಡಿಸಬೇಕಾಗಿದ್ದವರು ಶ್ರೀವತ್ಸ. ಅವರ ಅವಳಿ ಮಕ್ಕಳಿಗೆ ಜ್ವರ. ಇಂಥಾ ದೊಡ್ಡ ಕಚೇರಿ ಬಿಟ್ಟು, ಹೆಸರು ಬಿಟ್ಟು, ಮಕ್ಕಳೇ ಮುಖ್ಯ ಅಂತ ಆ ಹುಡುಗ ಮನೇಲಿ ಉಳಿದಿದಾನೆ. ಈ ಕಾಲದಲ್ಲಿ ಇಂಥಾ ತಂದೆ ಎಲ್ಲಿ ಸಿಕ್ತಾರೆ? ಅವನಿಗೊಂದು ಚಪ್ಪಾಳೆ ಬರಲಿ."

ಬಂತು. ಎಂಥ ಚಪ್ಪಾಳೆ ಎನ್ನುತ್ತೀರಿ. ಮುಂದಿನ ಸಾಲಿನ ಅಜ್ಜಿಯರು ಕಣ್ಣೊರೆಸಿಕೊಂಡರು. ಪಾನಕ ಹಂಚುತ್ತಿದ್ದವರು ಜಗ್ಗು ಕೆಳಗಿಟ್ಟು ತಟ್ಟಿದರು. ಮೃದಂಗದವರೂ ತಟ್ಟಿದರು. ವರ್ಷಗಟ್ಟಲೆ ಆ ವೇದಿಕೆಯ ಮೇಲೆ ಕುಳಿತು ನುಡಿಸಿದ ನನಗೆ ಸಿಗದಿದ್ದ ಕರತಾಡನ, ಉತ್ತರಹಳ್ಳಿಯ ಮನೆಯಲ್ಲಿ ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಒಬ್ಬ ಪಿಟೀಲಿನವನಿಗೆ ಅವನಿಲ್ಲದೆಯೇ ಸಿಕ್ಕಿತು. ಅವನು ಯೋಗ್ಯ, ಅನುಮಾನವಿಲ್ಲ. ಆದರೆ ಅದೇ ಕೆಲಸಕ್ಕೆ ನನಗೆ ಸಿಕ್ಕ ಬಹುಮಾನ ಏನೆಂಬುದು ನಿಮಗೆ ಗೊತ್ತಿದೆ: ಒಂದು ವರ್ಷದ ಮೌನ. ಅದಕ್ಕೂ ನಾನೇ ಥ್ಯಾಂಕ್ಸ್ ಹೇಳಿದ್ದೆ.

ಚಪ್ಪಾಳೆ ನಿಂತ ಮೇಲೆ ರಾಯರಿಗೆ ಏನೋ ಬಿಟ್ಟುಹೋದಂತೆ ಅನ್ನಿಸಿತು. ಮೈಕಿಗೆ ಮತ್ತೆ ಬಗ್ಗಿ ಸೇರಿಸಿದರು: "ಹಾಂ, ಪಿಟೀಲಿಗೆ ಇವರು ಬಂದಿದಾರೆ."

ಕಚೇರಿ ಶುರುವಾಯಿತು. ವರ್ಣ, ಒಂದೆರಡು ಕೃತಿ, ಆಮೇಲೆ ಪದ್ಮನಾಭಯ್ಯನವರು ಕಾಂಬೋಜಿಯನ್ನು ಎತ್ತಿಕೊಂಡರು. ನಿಧಾನವಾಗಿ ಬೆಳೆಸಿದರು, ಮೇಲಕ್ಕೆ ಒಯ್ದರು, ಇಳಿಸಿ ತಂದು ಷಡ್ಜದಲ್ಲಿ ನಿಲ್ಲಿಸಿ ನನ್ನ ಕಡೆ ಕೈ ತೋರಿಸಿದರು. ಗಾಯಕರು ರಾಗ ಮುಗಿಸಿದ ಮೇಲೆ ಅದೇ ರಾಗವನ್ನು ಪಿಟೀಲಿನಲ್ಲಿ ನುಡಿಸುವ ಸರದಿ ನಮ್ಮದು. ಅದಕ್ಕೊಂದು ಮರ್ಯಾದೆಯಿದೆ. ಗಾಯಕರು ಹಾಡಿದಷ್ಟು ಹೊತ್ತು ನಾವು ನುಡಿಸಬಾರದು. ಅದರ ಅರ್ಧ, ಬಹಳವೆಂದರೆ ಮುಕ್ಕಾಲು. ಹಿರಿಯರ ಎಲೆಗಿಂತ ನಮ್ಮ ಎಲೆ ದೊಡ್ಡದಾಗಬಾರದು ಎನ್ನುವ ಹಾಗೆ. ಈ ನಿಯಮವನ್ನು ನಾನು ಲಂಗ ತೊಟ್ಟ ಕಾಲದಿಂದ ಪಾಲಿಸಿಕೊಂಡು ಬಂದವಳು. ನಾನು ಹಳೆಯ ಕಾಲದವಳು. ನಿಯಮ ಮುರಿಯುವುದು ನನ್ನ ಜಾಯಮಾನವಲ್ಲ.

ಕಮಾನು ಇಟ್ಟೆ. ಮೊದಲ ಎಳೆತಕ್ಕೇ ಗೊತ್ತಾಯಿತು, ಕೈ ಎಲ್ಲಿಗೂ ಹೋಗಿರಲಿಲ್ಲ. ಅರ್ಧಕ್ಕೆ ಬಂದೆ, ನಿಲ್ಲಬೇಕೆನಿಸಲಿಲ್ಲ. ಮುಕ್ಕಾಲಾಯಿತು. ಮೃದಂಗದವರು ಇನ್ನೇನು ಮುಗಿಯಿತೆಂದು ಕೈ ಸರಿಮಾಡಿಕೊಂಡು, ನಾನು ಮತ್ತೆ ಮೇಲಕ್ಕೆ ಹೊರಟದ್ದು ನೋಡಿ ಕೈ ಕೆಳಗಿಟ್ಟರು. ರಾಯರು ಮುಂದಿನ ಸಾಲಿನಲ್ಲಿ ಗಡಿಯಾರ ನೋಡಿಕೊಂಡರು. ನಾನು ನೋಡಲಿಲ್ಲ. ಕಾಂಬೋಜಿಯಲ್ಲಿ ಎಷ್ಟು ಕೋಣೆಗಳಿವೆಯೋ ಅಷ್ಟರ ಬಾಗಿಲನ್ನೂ ತೆರೆದು, ಒಳಗೆ ಹೋಗಿ, ಕುಳಿತು, ಎದ್ದು ಬಂದೆ. ಗಾಯಕರು ಹಾಡಿದ ಹೊತ್ತು ಮುಗಿದು, ಅದರ ಮೇಲೂ ಆಯಿತು. ಕೊನೆಗೆ ನಾನೇ ಸಾಕೆನಿಸಿ ಇಳಿದು ಷಡ್ಜಕ್ಕೆ ಬಂದು ಕಮಾನು ಎತ್ತಿದೆ.

ಚಪ್ಪಾಳೆ ಬಂತು. ಅದು ಯಾರ ತಂದೆತನಕ್ಕೂ ಅಲ್ಲ, ಯಾರ ತಾಯ್ತನಕ್ಕೂ ಅಲ್ಲ ಎಂಬುದಂತೂ ನನಗೆ ಖಾತ್ರಿ.

ಪದ್ಮನಾಭಯ್ಯನವರು ನನ್ನತ್ತ ಬಗ್ಗಿದರು. ಮುಖದಲ್ಲಿ ಕೋಪವೋ ನಗುವೋ, ತಂಬೂರಿಯ ನೆರಳಿನಲ್ಲಿ ಸರಿಯಾಗಿ ಕಾಣಲಿಲ್ಲ.

"ಇವತ್ತು ಸ್ವಲ್ಪ ಜಾಸ್ತಿ ಆಯ್ತಲ್ಲಮ್ಮ?"

"ಹೌದು ಸಾರ್" ಎಂದೆ. "ಹೋದ ವರ್ಷದ್ದೂ ಸೇರಿತ್ತು."